ಕಂತೆಗೆ ತಕ್ಕ ಬೊಂತೆ: ಮನೆಯ ಕೌದಿಯ ಹಿನ್ನೆಲೆ

'ಕಂತೆಗೆ ತಕ್ಕ ಬೊಂತೆ' ಎಂಬುದು ಕನ್ನಡದ ಹಳೆಯ ಗಾದೆಗಳಲ್ಲಿ ಒಂದು. ಗುಣದಲ್ಲಾಗಲಿ ಅವಗುಣದಲ್ಲಾಗಲಿ ಒಬ್ಬರಿಗೊಬ್ಬರು ಸರಿಸಾಟಿಯಾದ ಇಬ್ಬರನ್ನು ಕುರಿತು, ಬಹುಮಟ್ಟಿಗೆ ಹಾಸ್ಯದಿಂದ, ಈ ಮಾತನ್ನು ಆಡುವುದು ರೂಢಿ. ಆಡುವವರಲ್ಲಿ ಅನೇಕರಿಗೆ ಕಂತೆ ಯಾವುದು, ಬೊಂತೆ ಯಾವುದು ಎಂಬ ವಿಚಾರ ಮನಸ್ಸಿಗೆ ಬರುವುದಿಲ್ಲ. ಎರಡೂ ಹರಕು ಬಟ್ಟೆಯ ತುಂಡುಗಳನ್ನು ಕೂಡಿಸಿ ಹೊಲಿದ ಹೊದಿಕೆಯ ಹೆಸರುಗಳೇ. ಕಂತೆ ಸಂಸ್ಕೃತದ 'ಕಂಥಾ' ಶಬ್ದದಿಂದ ಬಂದುದು. ಬೊಂತೆ ದ್ರಾವಿಡ ಭಾಷೆಗಳದು, ತೆಲುಗಿನಲ್ಲಿಯೂ 'ಬೊಂತ' ಎಂಬ ರೂಪದಲ್ಲಿ ಉಳಿದಿದೆ. ಹರಕಿಗೆ ಹರಕೇ ಜೋಡಿ ಎಂಬ ಅರ್ಥವನ್ನು ಗಾದೆ ಈ ಎರಡು ಶಬ್ದಗಳಿಂದ ಸಾಧಿಸಿದೆ. ಇವೆರಡೂ ದಿನಬಳಕೆಯಿಂದ ಹಿಂದೆ ಸರಿದ ಮೇಲೆ ಅದೇ ವಸ್ತುವಿಗೆ ಉಳಿದಿರುವ ಮನೆಯ ಹೆಸರು ಕೌದಿ.

ಒಂದೇ ವಸ್ತುವಿಗೆ ಮೂರು ಹೆಸರುಗಳಿದ್ದರೆ ಅವುಗಳ ನಡುವೆ ಏನಾದರೂ ಭೇದವಿರಲೇಬೇಕು. 1894ರಲ್ಲಿ ಪ್ರಕಟವಾದ ಕಿಟ್ಟೆಲ್ಲರ ನಿಘಂಟಿನಲ್ಲಿ ಈ ಶಬ್ದಗಳಿಗೆ ದೊರೆಯುವ ಅರ್ಥಗಳು ಬಹುತೇಕ ಒಂದೇ ಆಗಿದ್ದರೂ, ಬಳಕೆಯನ್ನು ನೋಡಿದರೆ ಅವು ಹಿಡಿದ ದಾರಿಗಳು ಬೇರೆ. ಕಂತೆ ವಿರಕ್ತನ ಹೆಗಲಿಗೆ ಏರಿತು. ಅಲ್ಲಿಂದ ಮುಂದೆ ದೇಹಕ್ಕೇ ಸಂಕೇತವಾಯಿತು. ಸತ್ತವನನ್ನು ಕುರಿತು 'ಕಂತೆ ಒಗೆದ' ಎನ್ನುವ ಒರಟು ಮಾತಿನಲ್ಲಿ, ದೇಹವೆಂಬುದು ತೊಟ್ಟು ಬಿಸುಡುವ ಹರಕು ಹೊದಿಕೆ ಎಂಬ ತತ್ತ್ವಶಾಸ್ತ್ರವೇ ಅಡಗಿದೆ. ಬೊಂತೆ ಒಬ್ಬ ಶರಣೆಯ ಹೆಸರಿನಲ್ಲಿ ಸೇರಿ ಚರಿತ್ರೆಯನ್ನು ಪ್ರವೇಶಿಸಿತು. ಕೌದಿಯಾದರೋ ಹೊಸಿಲು ದಾಟಲಿಲ್ಲ. ತೊಟ್ಟಿಲಿನಿಂದ ಮುದುಕರ ಮಲಗುವ ಮೂಲೆಯವರೆಗೆ ಅದರ ಸಂಚಾರ. ಗ್ರಂಥಗಳಲ್ಲಿ ಅದಕ್ಕೆ ದೊರೆತ ಸ್ಥಾನವೂ ಅಷ್ಟಕ್ಕಷ್ಟೆ.

ವಿರಕ್ತನ ಕಂತೆ ಈ ನಾಡಿನ ಎಲ್ಲ ಪಂಥಗಳಿಗೂ ಸಾಮಾನ್ಯವಾದ ಲಾಂಛನ. ಬೌದ್ಧರ ವಿನಯಪಿಟಕದಲ್ಲಿ ಭಿಕ್ಷುಗಳ ಚೀವರಕ್ಕೆ ಸಂಬಂಧಿಸಿದ ಒಂದು ಪ್ರಸಂಗವಿದೆ. ಮಗಧದ ಗದ್ದೆಗಳು ಬದುಗಳಿಂದ ಚೌಕಚೌಕವಾಗಿ ಹರಡಿರುವುದನ್ನು ತೋರಿಸಿ, ಇಂತಹ ವಿನ್ಯಾಸದಲ್ಲಿ ಚೀವರವನ್ನು ಹೊಲಿಯಲಾದೀತೇ ಎಂದು ಬುದ್ಧನು ಆನಂದನನ್ನು ಕೇಳಿದನಂತೆ. ಆನಂದನು ತುಂಡುಗಳನ್ನು ಜೋಡಿಸಿ ಹಾಗೆಯೇ ಹೊಲಿದು ತೋರಿಸಿದನಂತೆ. ತುಂಗೆಯ ದಂಡೆಯ ಶೃಂಗೇರಿಯಲ್ಲಿ ಪೀಠವನ್ನು ಸ್ಥಾಪಿಸಿದರೆಂದು ಪರಂಪರೆ ಹೇಳುವ ಶಂಕರಾಚಾರ್ಯರ ಹೆಸರಿನಲ್ಲಿ ಪ್ರಸಿದ್ಧವಾದ 'ಮೋಹಮುದ್ಗರ' ಸ್ತೋತ್ರದಲ್ಲಿ, ಬೀದಿಯಲ್ಲಿ ಬಿದ್ದ ಚಿಂದಿಗಳಿಂದ ಮಾಡಿದ ಕಂಥೆಯನ್ನು ಹೊದ್ದ ಯೋಗಿಯ ಚಿತ್ರವಿದೆ. ನಾಥಪಂಥದವರಿಗೂ ಕಂಥೆ ಮಾನ್ಯವಾದುದೇ. ವೀರಶೈವ ಸಾಹಿತ್ಯದಲ್ಲಿ ಚರಜಂಗಮನ ಚಿಹ್ನೆಗಳಾಗಿ ದಂಡ, ಕಮಂಡಲು, ಭಸ್ಮಗಳ ಜೊತೆಯಲ್ಲಿ ಕಂಥೆಯೂ ಎಣಿಕೆಗೆ ಬರುತ್ತದೆ. ಭದ್ರೆಯ ದಡದ ಬಾಳೆಹೊನ್ನೂರಿನ ರಂಭಾಪುರಿ ಪೀಠದಂತಹ ಕ್ಷೇತ್ರಗಳಿಗೆ ಮಲೆಯ ದಾರಿಗಳಲ್ಲಿ ನಡೆದುಹೋಗುತ್ತಿದ್ದ ಚರಮೂರ್ತಿಗಳಿಗೆ ಹೆಗಲ ಮೇಲಿನ ಹೊದಿಕೆ ಲಾಂಛನ ಮಾತ್ರವಾಗಿರಲಿಲ್ಲ ಎಂಬುದನ್ನು, ಆ ದಾರಿಗಳ ಶ್ರಾವಣಮಾಸದ ಚಳಿಯನ್ನು ಬಲ್ಲವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಈ ಎಲ್ಲ ಉಲ್ಲೇಖಗಳಲ್ಲಿಯೂ ಕಂತೆಯನ್ನು ತೊಟ್ಟವನ ವೈರಾಗ್ಯಕ್ಕೆ ಪ್ರಾಶಸ್ತ್ಯ. ಅದನ್ನು ಹೊಲಿದವರ ವಿಚಾರ ಬರುವುದು ವಿರಳ. ಆನಂದನ ಪ್ರಸಂಗ ಅಂತಹ ವಿರಳ ಅಪವಾದಗಳಲ್ಲಿ ಒಂದು. ಅಲ್ಲಿಯೂ ಹೊಲಿದವನು ಭಿಕ್ಷುವೇ ಹೊರತು ಗೃಹಿಣಿಯಲ್ಲ.

ಬೊಂತಾದೇವಿಯ ಕಥೆ ಈ ದೃಷ್ಟಿಯಿಂದ ವಿಶೇಷವಾದುದು. ಪರಂಪರೆಯ ಪ್ರಕಾರ ಆಕೆ ಕಾಶ್ಮೀರದ ಮಾಂಡವ್ಯಪುರದ ಅರಸುಕುವರಿ. ಅರಸುತನವನ್ನು ಬಿಟ್ಟು ಕಲ್ಯಾಣಕ್ಕೆ ಬಂದು ಕಟ್ಟಿಗೆ ಮಾರುವ ಕಾಯಕವನ್ನು ಕೈಗೊಂಡ ಮೋಳಿಗೆಯ ಮಾರಯ್ಯನ ಸೋದರಿ. ಮೊದಲಿನ ಹೆಸರು ನಿಜದೇವಿ. ಉಟ್ಟ ಬಟ್ಟೆಯನ್ನೂ ತೊರೆದು ಕಲ್ಯಾಣದ ಕಡೆಗೆ ಹೊರಟ ಆಕೆಗೆ ಶಿವನು ಬೊಂತೆಯೊಂದನ್ನು ಕೊಟ್ಟನೆಂದೂ, ಅದನ್ನು ಹೊದ್ದುದರಿಂದ ಬೊಂತಾದೇವಿಯೆಂಬ ಹೆಸರು ನಿಂತಿತೆಂದೂ ಪ್ರತೀತಿ. 'ಬಿಡಾಡಿ' ಎಂಬ ಅಂಕಿತದಲ್ಲಿ ಆಕೆಯ ಬೆರಳೆಣಿಕೆಯ ವಚನಗಳು ಉಳಿದಿವೆ. ಬಯಲು, ಒಳಗು, ಹೊರಗು ಎಂಬ ಭೇದಗಳೇ ಇಲ್ಲದ ನಿಲವನ್ನು ಆ ವಚನಗಳು ಹಿಡಿಯಲು ಯತ್ನಿಸುತ್ತವೆ. ಗಡಿಯನ್ನೇ ಒಪ್ಪದ ಈ ಅನುಭಾವಿಗೆ, ಅಂಚು ಅಂಚುಗಳನ್ನು ಸೇರಿಸಿ ಹೊಲಿದ ವಸ್ತುವಿನಿಂದ ಹೆಸರು ಬಂದದ್ದು ಆಕಸ್ಮಿಕವಾಗಿದ್ದರೂ ಅರ್ಥಪೂರ್ಣ.

ಅಕ್ಕಮಹಾದೇವಿಯ ಕೇಶಾಂಬರದ ಕಥೆಯೊಡನೆ ಇದನ್ನು ಹೋಲಿಸುವುದು ಸಹಜ. ಆದರೆ ಅಲ್ಲಿ ಮೈಯನ್ನು ಮುಚ್ಚಿದ್ದು ತನ್ನದೇ ಕೂದಲು. ಇಲ್ಲಿ ಮುಚ್ಚಿದ್ದು ಇತರರು ಉಟ್ಟು, ಒಗೆದು, ಹರಿದ ಬಟ್ಟೆಗಳ ಜೋಡಣೆ. ಬೊಂತೆ ಎಂದೊಡನೆ ಹಲವು ಮನೆಗಳ, ಹಲವು ಮೈಗಳ ಸ್ಪರ್ಶ ಅದರೊಳಗೆ ಸೇರಿಯೇ ಇರುತ್ತದೆ. ಪಟ್ಟೆಪೀತಾಂಬರಗಳನ್ನು ಬಿಟ್ಟುಬಂದ ಅರಸುಕುವರಿಗೆ ಶಿವನು ಹೊಸ ಸೀರೆಯನ್ನು ಕೊಡಲಿಲ್ಲ, ಬಡವರ ಮನೆಯ ಹೊದಿಕೆಯನ್ನು ಕೊಟ್ಟನೆಂದು ಕಥೆ ಕಟ್ಟಿದವರಿಗೆ ಆ ಹೊದಿಕೆಯ ಬೆಲೆ ತಿಳಿದಿತ್ತು. ದೇವರು ಕೊಟ್ಟ ಬೊಂತೆಯೇ ಆದರೂ, ಅಂತಹ ವಸ್ತು ಕಣ್ಣಮುಂದೆ ಇಲ್ಲದೆ ಅಂತಹ ಕಥೆ ಹುಟ್ಟುವುದಿಲ್ಲ. ಕೌದಿ ಹೊಲಿಯುವ ರೂಢಿ ಆ ಕಥೆಗಿಂತ ಹಳೆಯದು ಎನ್ನಲು ಇಷ್ಟು ಸಾಕು.

ಶರಣರ ಸಮೂಹದಲ್ಲಿ ಬಟ್ಟೆಗೆ ಸಂಬಂಧಿಸಿದ ಕಾಯಕಗಳಿಗೆ ಕೊರತೆಯಿರಲಿಲ್ಲ. ನೂಲುವ ಕಾಯಕದ ಕದಿರ ರೆಮ್ಮವ್ವೆ ಇದ್ದಳು. ಮುದನೂರಿನ ದಾಸಿಮಯ್ಯ ನೇಯುತ್ತಿದ್ದನು. ದೇವರ ದಾಸಿಮಯ್ಯ, ಜೇಡರ ದಾಸಿಮಯ್ಯ ಒಬ್ಬನೋ ಇಬ್ಬರೋ ಎಂಬ ವಿದ್ವಾಂಸರ ವಾದ ಇಲ್ಲಿ ಅಪ್ರಸ್ತುತ. ಮಡಿವಾಳ ಮಾಚಯ್ಯ ಒಗೆಯುತ್ತಿದ್ದನು. ಸೂಜಿಕಾಯಕದ ರಾಮಿತಂದೆ 'ರಾಮೇಶ್ವರಲಿಂಗ' ಅಂಕಿತದಲ್ಲಿ ವಚನ ರಚಿಸಿದವನು. ಸೂಜಿಯನ್ನೇ ಹೆಸರಿನಲ್ಲಿ ಹೊತ್ತ ಶರಣ. ನೂಲುವುದರಿಂದ ಒಗೆಯುವವರೆಗಿನ ಬಟ್ಟೆಯ ಆಯುಷ್ಯವೆಲ್ಲ ಇಲ್ಲಿ ಕಾಣುತ್ತದೆ. ದಾಸಿಮಯ್ಯನನ್ನು ಕುರಿತ ಪುರಾಣಕಥೆಯೊಂದರಲ್ಲಿ ಬಟ್ಟೆಯ ಅಂತ್ಯವೂ ಬರುತ್ತದೆ. ಆತನು ಬಹುಕಾಲ ಶ್ರಮಪಟ್ಟು ನೇಯ್ದ ಅಪೂರ್ವವಾದ ವಸ್ತ್ರವನ್ನು ಜಂಗಮರೂಪದ ಶಿವನು ಬೇಡಿ ಪಡೆದು, ಆತನ ಕಣ್ಣೆದುರಿನಲ್ಲಿಯೇ ಹರಿದು ಚೂರುಮಾಡಿದನಂತೆ. ದಾಸಿಮಯ್ಯನ ಮನಸ್ಸು ಕದಡಲಿಲ್ಲವಾಗಿ ಶಿವನು ಮೆಚ್ಚಿ ತವನಿಧಿಯನ್ನು ಕೊಟ್ಟನಂತೆ. ಭಕ್ತನ ನಿರ್ಮೋಹವನ್ನು ಹೇಳುವುದು ಕಥೆಯ ಉದ್ದೇಶ. ಆದರೆ ಹರಿದ ಚೂರುಗಳು ಮುಂದೆ ಏನಾದವು ಎಂಬ ಪ್ರಶ್ನೆ ಮನೆ ನಡೆಸುವವರಿಗಲ್ಲದೆ ಪುರಾಣಕಾರರಿಗೆ ಹೊಳೆಯುವುದಿಲ್ಲ.

ಪ್ರಸ್ತುತ ವಿಷಯದ ಮುಖ್ಯ ತೊಡಕು ಇಲ್ಲಿಯೇ ಇದೆ. ಸೂಜಿಯ ಕೆಲಸ ಕಾಯಕವಾದದ್ದು ಸಿಂಪಿಗನ ಕೈಯಲ್ಲಿ. ಅದೇ ಸೂಜಿಯನ್ನು ಹಿಡಿದು ಮನೆಯ ಹೆಂಗಸು ಹಗಲಿನ ಕೆಲಸವೆಲ್ಲ ಮುಗಿದ ಮೇಲೆ ಹೊಲಿದ ಕೌದಿಗೆ ಕಾಯಕದ ಹೆಸರು ಬರಲಿಲ್ಲ. ಕಾಯಕಕ್ಕೆ ಕೂಲಿಯುಂಟು, ಕೂಲಿಯಿಂದ ದಾಸೋಹವುಂಟು, ಕೌದಿಗೆ ಕೂಲಿಯಿಲ್ಲ. ಮೂವತ್ತಕ್ಕೂ ಹೆಚ್ಚು ಶಿವಶರಣೆಯರು ವಚನಗಳನ್ನು ರಚಿಸಿದ್ದಾರೆ. 1993ರಲ್ಲಿ ಸರ್ಕಾರ ಹೊರತಂದ ಸಮಗ್ರ ವಚನ ಸಂಪುಟಗಳ 15 ಸಂಪುಟಗಳಲ್ಲಿ ಒಂದು ಪೂರ್ತಿ ಅವರಿಗೇ ಮೀಸಲು. ಅವರಲ್ಲಿ ಹಲವರ ಹೆಸರಿನ ಹಿಂದೆ ನೂಲುವ, ಕುಟ್ಟುವ, ಗುಡಿಸುವ ಕಾಯಕಗಳ ನೆನಪಿದೆ. ಕೌದಿ ಹೊಲಿದವಳೆಂಬ ಹೆಸರಿನಿಂದ ಪ್ರಸಿದ್ಧಳಾದ ಶರಣೆಯಿಲ್ಲ. ಕೌದಿಯನ್ನು ಹೊದ್ದವಳು ಬೊಂತಾದೇವಿಯಾದಳು. ಹೊಲಿದವಳು ಹೆಸರಿಲ್ಲದೆ ಉಳಿದಳು.

ಆದರೂ ಕಾಯಕತತ್ತ್ವದ ಒಳಹೊಕ್ಕು ನೋಡಿದರೆ ಕೌದಿಗೆ ಅಲ್ಲಿ ಜಾಗವಿದೆ. ಆಯ್ದಕ್ಕಿ ಮಾರಯ್ಯ ಬಸವಣ್ಣನವರ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದುದೂ, ಒಂದು ದಿನ ಹೆಚ್ಚಾಗಿ ತಂದಾಗ ಲಕ್ಕಮ್ಮ ಅದನ್ನು ಹಿಂದಕ್ಕೆ ಸುರಿದು ಬರುವಂತೆ ಹೇಳಿದುದೂ ಎಲ್ಲರೂ ಬಲ್ಲ ಸಂಗತಿ. ಚೆಲ್ಲಿದ್ದನ್ನು ಆಯುವುದು, ಬೇಕಾದುದಕ್ಕಿಂತ ಹೆಚ್ಚನ್ನು ಆಯದಿರುವುದು ಆ ದಂಪತಿಗಳ ನಡೆ. ಕೌದಿಯ ಶಿಸ್ತೂ ಅದೇ. ಅದಕ್ಕೆ ಬೇಕಾದದ್ದು ಮನೆಯಲ್ಲಿ ಹರಿದುಳಿದ ಬಟ್ಟೆ ಮಾತ್ರ. ಹೊಸ ಬಟ್ಟೆ ಕೊಂಡು ಕತ್ತರಿಸಿ ಕೌದಿ ಹೊಲಿಯುವ ಈಚಿನ ನಗರದ ಪದ್ಧತಿಯನ್ನು ಹಳಬರು ಕಂಡಿದ್ದರೆ ನಗುತ್ತಿದ್ದರು. ಲಕ್ಕಮ್ಮನ ತತ್ತ್ವವನ್ನು ಓದದೆಯೂ ಅನುಸರಿಸಿದ ಅಸಂಖ್ಯಾತ ಮನೆಗಳಿದ್ದವು ಎನ್ನುವುದಕ್ಕೆ ಕೌದಿಗಿಂತ ಮೇಲಾದ ಸಾಕ್ಷ್ಯ ಸಿಗುವುದು ಕಷ್ಟ.

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳಲ್ಲಿ ಕೌದಿಯ ಸ್ಥಿತಿಯನ್ನು ತಿಳಿಯಬೇಕಾದರೆ ಮೊದಲು ಕಂಬಳಿಯನ್ನು ಕುರಿತು ಹೇಳಬೇಕು. ಎಡೆಹಳ್ಳಿಯೆಂಬ ಹಳೆಯ ಹೆಸರನ್ನು ಕಳಚಿ ಯುವರಾಜರ ಹೆಸರನ್ನು ಪಡೆದ ನರಸಿಂಹರಾಜಪುರ ಮಲೆನಾಡಿಗೂ ಬಯಲಿಗೂ ನಡುವಿನ ಬಾಗಿಲಿನಂತಿದೆ. ಅಲ್ಲಿಂದ ಪಶ್ಚಿಮಕ್ಕೆ ಹೋದಷ್ಟೂ ಮಳೆ ಏರುತ್ತದೆ. ಶೃಂಗೇರಿಯ ಸುತ್ತ ವರ್ಷಕ್ಕೆ 3000 ಮಿಲಿಮೀಟರಿಗೂ ಮೀರಿ ಬೀಳುತ್ತದೆ. ಹತ್ತಿ ಬೆಳೆಯುವ ನೆಲವಲ್ಲ ಇದು. ಅಡಿಕೆ, ಭತ್ತ, ಕಾಫಿ, ಏಲಕ್ಕಿಗಳನ್ನು ಬೆಳೆದವರು ಬಟ್ಟೆಯನ್ನು ಬಯಲುಸೀಮೆಯಿಂದಲೇ ತರಿಸಬೇಕಾಗಿತ್ತು. ಹಾಗೆಯೇ ಕಂಬಳಿಯೂ: ಕುರಿಗಳಿರುವುದು ಒಣನೆಲದಲ್ಲಿ, ನೇಯುವ ಕುರುಬರಿರುವುದೂ ಅಲ್ಲಿಯೇ. ಮಲೆನಾಡಿನ ಗದ್ದೆಯಲ್ಲಿ ನಾಟಿಗೆ ಬಗ್ಗಿದವರ ಬೆನ್ನಿನ ಮೇಲೆ ಗೊರಬು. ದಾರಿ ನಡೆಯುವವರ ತಲೆಯ ಮೇಲೆ ಕಂಬಳಿಕೊಪ್ಪೆ. 1904ರಲ್ಲಿ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ ಜನಿಸಿದ ಕುವೆಂಪು ಅವರ 'ಕಾನೂರು ಹೆಗ್ಗಡಿತಿ', 'ಮಲೆಗಳಲ್ಲಿ ಮದುಮಗಳು' ಕಾದಂಬರಿಗಳನ್ನು ಓದಿದವರಿಗೆ ಆ ಕಂಬಳಿಯ ವಾಸನೆಯೂ ಪರಿಚಿತ.

ಕಂಬಳಿ ಮಳೆಯನ್ನು ತಡೆಯುತ್ತದೆ, ನೆನೆದರೂ ಬೆಚ್ಚಗಿರುತ್ತದೆ, ಹೊಗೆಯಲ್ಲಿ ಒಣಗುತ್ತದೆ. ಆದರೆ ಮೈಗೆ ಚುಚ್ಚುತ್ತದೆ. ಹಸುಗೂಸಿಗೂ ಬಾಣಂತಿಗೂ ಜ್ವರದವರಿಗೂ ಅದು ಸಲ್ಲದು. ಅಲ್ಲಿಗೆ ಹತ್ತಿಯ ಮೆತ್ತನೆಯ ಹೊದಿಕೆ ಬೇಕು. ಕೊಂಡ ದುಪ್ಪಟಿ ಎಲ್ಲರಿಗೂ ಎಟುಕುವುದಲ್ಲ. ಹೀಗೆ ಹೊರಗಿನ ಕೆಲಸಕ್ಕೆ ಕಂಬಳಿ, ಒಳಗಿನ ವಿಶ್ರಾಂತಿಗೆ ಹಳೆಯ ಸೀರೆಗಳ ಹೊದಿಕೆ ಎಂಬ ವಿಭಾಗ ತಾನಾಗಿಯೇ ಏರ್ಪಟ್ಟಿತು. ಆಳುವವರ ದಾಖಲೆಗಳಲ್ಲಿಯೂ ಈ ವಿಭಾಗದ ನೆರಳಿದೆ. ಮೈಸೂರಿನ ಗೆಜೆಟಿಯರುಗಳಲ್ಲಿ ಕಂಬಳಿನೇಯ್ಗೆ ಒಂದು ಕೈಗಾರಿಕೆ. ಸಂತೆಗೆ ಬಾರದ, ಸುಂಕ ಕಟ್ಟದ ಕೌದಿ ಯಾವ ಕೈಗಾರಿಕೆಯ ಎಣಿಕೆಗೂ ಸಿಗುವ ವಸ್ತುವಲ್ಲ.

ಮಲೆನಾಡಿನಲ್ಲಿ ಕೌದಿಗೆ ಇರುವ ದೊಡ್ಡ ಶತ್ರು ತೇವ. ನಾಲ್ಕಾರು ಪದರಗಳ ಹತ್ತಿಬಟ್ಟೆ ಆರಿದ್ರಾ ಮಳೆಯಲ್ಲಿ ಒಮ್ಮೆ ನೆನೆದರೆ ಒಣಗುವುದಿಲ್ಲ. ಒಳಪದರದಲ್ಲಿ ಬೂಷ್ಟು ಹಿಡಿದರೆ ಹೊರಗಿನಿಂದ ತಿಳಿಯುವುದೂ ಇಲ್ಲ. ಆದ್ದರಿಂದ ಇಲ್ಲಿನ ಮನೆಗಳಲ್ಲಿ ಅದನ್ನು ಒಗೆಯುವುದು, ಹೊಲಿಯುವುದು, ತೇಪೆ ಹಾಕುವುದು ಎಲ್ಲವೂ ಬೇಸಿಗೆಯ ಕೆಲಸಗಳು. ಮಳೆಗಾಲದಲ್ಲಿ ಬಚ್ಚಲೊಲೆಯ ಮೇಲಿನ ಗಳುವಿಗೆ ಹಾಕಿ ಹೊಗೆಗೆ ಒಡ್ಡುವುದಷ್ಟೇ ಸಾಧ್ಯ. ಬಯಲುಸೀಮೆಯಲ್ಲಿ ಹೀಗಿಲ್ಲ. ಹೊಲದ ಕೆಲಸ ಬಿಡುವಾದ ಯಾವ ತಿಂಗಳಿನಲ್ಲಾದರೂ ಅಂಗಳದಲ್ಲಿ ಹರಡಿಕೊಂಡು ಹೊಲಿಯಬಹುದು. ಕೌದಿ ಉತ್ತರದ ಒಣಸೀಮೆಯಲ್ಲಿ ಬೆಳೆದಷ್ಟು ವೈಭವದಿಂದ ಮಲೆನಾಡಿನಲ್ಲಿ ಬೆಳೆಯದಿರುವುದಕ್ಕೆ ಹೆಂಗಸರ ಕೈಚಳಕದ ಕೊರತೆ ಕಾರಣವಲ್ಲ. ಬಿಸಿಲಿನ ಕೊರತೆ ಕಾರಣ.

ಹೊಲಿಯುವ ಕ್ರಮ ನೋಡಲು ಸರಳ. ಹಳೆಯ ಸೀರೆ, ಪಂಚೆ, ಕುಪ್ಪಸಗಳನ್ನು ಒಗೆದು ಒಣಗಿಸಿ, ಹೊಲಿಗೆಗಳನ್ನು ಬಿಚ್ಚಿ ಚಪ್ಪಟೆ ಮಾಡಲಾಗುತ್ತದೆ. ಎಲ್ಲ ಬಟ್ಟೆಯೂ ಒಂದೇ ರೀತಿ ಸವೆದಿರುವುದಿಲ್ಲ; ಸೀರೆಯ ನಡುಭಾಗ ಜಾಳಾಗಿದ್ದರೂ ಅಂಚು, ಸೆರಗುಗಳು ಗಟ್ಟಿಯಾಗಿರುತ್ತವೆ. ಈ ವ್ಯತ್ಯಾಸವನ್ನು ಕೈಯಿಂದ ಸವರಿ ಗುರುತಿಸುವುದೇ ಮೊದಲ ವಿದ್ಯೆ. ಇಡಿಯಾಗಿ ಉಳಿದ ಸೀರೆಯೊಂದನ್ನು ನೆಲದ ಮೇಲೆ ಸುಕ್ಕಿಲ್ಲದಂತೆ ಹರಡಿ, ಮೂಲೆಗಳಿಗೆ ಭಾರವಿಟ್ಟು, ಅದರ ಮೇಲೆ ಜಾಳಾದ ತುಂಡುಗಳನ್ನು ಪದರಪದರವಾಗಿ ಹಾಸುತ್ತಾರೆ. ಹೆಚ್ಚು ಸವೆದದ್ದು ಮಧ್ಯಕ್ಕೆ, ಗಟ್ಟಿಯಾದದ್ದು ಮೇಲಕ್ಕೆ ಮತ್ತು ಕೆಳಕ್ಕೆ. ಒಂದು ಪದರದ ಜೋಡುಗಳು ಇನ್ನೊಂದರ ಜೋಡುಗಳ ಮೇಲೆ ಬೀಳದಂತೆ ನೋಡಿಕೊಳ್ಳಬೇಕು. ಬಿದ್ದರೆ ಅಲ್ಲಿ ಕೌದಿ ಮುರಿಯುತ್ತದೆ. ಗೋಡೆ ಕಟ್ಟುವವನು ಇಟ್ಟಿಗೆಯ ಸಂದುಗಳನ್ನು ತಪ್ಪಿಸುವ ನಿಯಮವೇ ಇದು.

ಮೊದಲು ಪದರಗಳು ಜಾರದಂತೆ ಉದ್ದುದ್ದದ ಕಚ್ಚಾ ಹೊಲಿಗೆ. ಬಳಿಕ ಅಂಚುಗಳನ್ನು ಒಳಕ್ಕೆ ಮಡಿಸಿ, ಅಂಚಿನಿಂದ ಒಳಕ್ಕೆ ಸಾಲುಸಾಲಾಗಿ ಹೊಲಿಗೆ ಸಾಗುತ್ತದೆ. ಸೂಜಿ ಎಲ್ಲ ಪದರಗಳನ್ನೂ ದಾಟಿ ಕೆಳಗೆ ಇಳಿದು ಮತ್ತೆ ಮೇಲೆ ಏರಬೇಕು. ಇಲ್ಲದಿದ್ದರೆ ಮೊದಲ ಒಗೆತದಲ್ಲಿಯೇ ಒಳಬಟ್ಟೆ ಮುದ್ದೆಯಾಗುತ್ತದೆ. ಸಾಲುಗಳ ನಡುವೆ ಬೆರಳಿನಗಲದಷ್ಟು ಎಡೆ. ಗಂಟುಗಳನ್ನು ಪದರಗಳ ನಡುವೆ ಎಳೆದು ಮುಚ್ಚುತ್ತಾರೆ, ಮಗುವಿನ ಮೈಗೆ ಒತ್ತಬಾರದೆಂದು. ಅಗಲವಾದ ಕೌದಿಯ ನಡುಭಾಗಕ್ಕೆ ಕೈ ಎಟುಕುವುದಿಲ್ಲವಾಗಿ ಹೊಲಿಯುವವಳು ಅದರ ಮೇಲೆಯೇ ಕುಳಿತು ಮುಂದುವರಿಯುತ್ತಾಳೆ. ಇದ್ದಕ್ಕಿದ್ದಂತೆ ಎದ್ದುಹೋಗಬೇಕಾದ ಮನೆಗೆಲಸಗಳ ನಡುವೆ ಸಾಗುವ ಕೆಲಸವಾದ್ದರಿಂದ ಒಂದು ಕೌದಿಗೆ ವಾರಗಳೂ ಹಿಡಿಯಬಹುದು, ತಿಂಗಳುಗಳೂ ಹಿಡಿಯಬಹುದು. ಹೊಲಿಗೆಯ ಎಡೆ ಒಂದೆಡೆ ಇಕ್ಕಟ್ಟು, ಇನ್ನೊಂದೆಡೆ ಸಡಿಲವಾಗಿದ್ದರೆ ಇಬ್ಬರ ಕೈ ಸೇರಿದೆಯೆಂದು ತಿಳಿಯಬೇಕು. ಅತ್ತೆ ಆರಂಭಿಸಿದ್ದನ್ನು ಸೊಸೆ ಮುಗಿಸಿರಬಹುದು.

ಕೌದಿಯ ನಿಜವಾದ ಚರಿತ್ರೆ ಅದರ ದುರಸ್ತಿಯಲ್ಲಿದೆ. ಮೊದಲು ಸವೆಯುವುದು ಮುಖದ ಹತ್ತಿರದ ಅಂಚು. ಹೊದ್ದವರು ರಾತ್ರಿಯೆಲ್ಲ ಅದನ್ನೇ ಹಿಡಿದೆಳೆಯುತ್ತಾರೆ. ಆಮೇಲೆ ಹಿಮ್ಮಡಿ ತಾಗುವ ಭಾಗ. ಅಂಚಿಗೆ ಹೊಸ ಪಟ್ಟಿ, ತೂತಿಗೆ ತೇಪೆ. ತೇಪೆ ತೂತಿಗಿಂತ ಸಾಕಷ್ಟು ದೊಡ್ಡದಾಗಿರಬೇಕು, ಸುತ್ತಲಿನ ಬಟ್ಟೆಯೂ ಸವೆದೇ ಇರುತ್ತದೆಯಾದ್ದರಿಂದ. ತೇಪೆಯ ಬಟ್ಟೆ ಹೊಸದಾಗಿರಕೂಡದು, ಹೊಸದು ಒಗೆದಾಗ ಕುಗ್ಗಿ ಹಳೆಯದನ್ನು ಎಳೆದು ಹರಿಯುತ್ತದೆ. 'ಕಂತೆಗೆ ತಕ್ಕ ಬೊಂತೆ' ಎಂಬ ಗಾದೆಯಲ್ಲಿ ಹಾಸ್ಯಕ್ಕಿಂತ ಮೊದಲು ಈ ಅನುಭವವಿದ್ದಿರಬೇಕು. ತೇಪೆಗಳೂ ಸಾಲದಾದಾಗ ಕೌದಿಯನ್ನು ಎಸೆಯುವುದಿಲ್ಲ. ಅದರ ಮೇಲೊಂದು, ಕೆಳಗೊಂದು ಸೀರೆಯನ್ನು ಹಾಸಿ ಮತ್ತೆ ಹೊಲಿಯುತ್ತಾರೆ. ಹಳೆಯ ಕೌದಿ ಹೊಸ ಕೌದಿಯ ಗರ್ಭವಾಗುತ್ತದೆ. ಹೀಗೆ ಅಜ್ಜಿಯ ಸೀರೆ ಒಳಗೆ, ತಾಯಿಯದು ಅದರ ಮೇಲೆ, ಮಗಳದು ಎಲ್ಲಕ್ಕೂ ಹೊರಗೆ.

ಚರಿತ್ರಕಾರರಿಗೆ ಇದರಿಂದ ಒದಗುವ ಸಂಕಟ ವಿಲಕ್ಷಣವಾದುದು. ಶಾಸನಕ್ಕೆ ತೇದಿಯಿದೆ, ತಾಳೆಗರಿಗೆ ಲಿಪಿಕಾರನ ಹೆಸರಿದೆ, ಹರಿದ ಓಲೆಯ ಪ್ರತಿಯೂ ಭಂಡಾರದಲ್ಲಿ ಉಳಿದಿದೆ. ಕೌದಿಯ ಹಳೆಯ ಪದರವನ್ನು ನೋಡಬೇಕಾದರೆ ಹೊಲಿಗೆ ಬಿಚ್ಚಬೇಕು. ಬಿಚ್ಚಿದರೆ ಕೌದಿ ಉಳಿಯುವುದಿಲ್ಲ. ಬಿಚ್ಚದಿದ್ದರೂ ಅದರ ಕೊನೆ ನಿಶ್ಚಿತ: ದೊಡ್ಡ ಕೌದಿ ಸವೆದು ಮಗುವಿನ ಹಾಸಾಗುತ್ತದೆ, ಹಾಸು ಒರಸುಬಟ್ಟೆಯಾಗುತ್ತದೆ, ಕೊನೆಯ ಚಿಂದಿ ದೀವಟಿಗೆಗೆ ಸುತ್ತಿ ಉರಿದುಹೋಗುತ್ತದೆ. ನೂರಾರು ವರ್ಷ ಹಳೆಯ ಕೌದಿಯನ್ನು ತೋರಿಸಿರೆಂದು ಕೇಳುವುದೇ ಆ ವಸ್ತುವಿನ ಸ್ವಭಾವವನ್ನು ಅರಿಯದ ಮಾತು. ಅದರ ಪ್ರಾಚೀನತೆಗೆ ಭಾಷೆಯೇ ಪ್ರಮಾಣ; ಗಾದೆ, ಬೈಗುಳ, ಒಬ್ಬ ಶರಣೆಯ ಹೆಸರು ಇವೇ ಶಾಸನಗಳು.

ಕೃಷ್ಣಾ ತುಂಗಭದ್ರೆಗಳ ಸೀಮೆಯಲ್ಲಿ ಕೌದಿ ಪಡೆದ ಸ್ಥಾನವನ್ನು ಇಲ್ಲಿ ನೆನೆಯಬೇಕು. ಚೊಚ್ಚಲ ಬಾಣಂತಿಯನ್ನು ಗಂಡನ ಮನೆಗೆ ಕಳಿಸುವಾಗ ತೊಟ್ಟಿಲು, ಕುಲಾವಿಗಳ ಜೊತೆಗೆ ತವರಿನ ಕೌದಿಯೂ ಹೋಗುವ ರೂಢಿ ಅಲ್ಲಿನದು. ಇಳಕಲ್ ಸೀರೆಯ ಕೆಂಪು ಸೆರಗು, ಖಣದ ತುಂಡುಗಳು ಸೇರಿ ಆ ಕೌದಿಗೆ ತಾವಾಗಿಯೇ ಬಣ್ಣ ಬರುತ್ತದೆ. ಮನೆಯಲ್ಲಿ ಹೊಲಿಯಲಾಗದವರಿಗೆ ಗೊಂದಲಿಗರೇ ಮೊದಲಾದ ಅಲೆಮಾರಿ ಸಮುದಾಯಗಳ ಹೆಂಗಸರು ಊರೂರಿಗೆ ಬಂದು ಹೊಲಿದುಕೊಡುವುದೂ ಉಂಟು. ಕೂಲಿ ಪಡೆದು ಹೊಲಿದ ಆ ಕೈಗಳಿಂದ ಕೌದಿ ಕೊನೆಗೂ ಕಾಯಕವಾಯಿತು. ಆದರೆ ಆ ಕಾಯಕಕ್ಕೆ ಅಂಕಿತ ಬರೆಯುವವರು ಬರಲಿಲ್ಲ.

ಮಲೆನಾಡಿನ ಉತ್ತರದ ಅಂಚಿನಲ್ಲಿ, ಯಲ್ಲಾಪುರ, ಹಳಿಯಾಳ, ಮುಂಡಗೋಡಗಳ ಕಾಡಿನಂಚಿನ ಸಿದ್ದಿ ಸಮುದಾಯದ ಹೆಂಗಸರ ಕೌದಿಗಳು ಹೊರಜಗತ್ತಿನ ಗಮನ ಸೆಳೆದವು. ಆಫ್ರಿಕ ಮೂಲದ ಈ ಜನರ ಕೌದಿಯ ಮೂಲೆಗಳಲ್ಲಿ ಮಡಿಸಿದ ತ್ರಿಕೋನದ ತುಂಡುಗಳನ್ನು ಹೂವಿನಂತೆ ಹೊಲಿಯುತ್ತಾರೆ; ಆ ಹೂವಿಲ್ಲದ ಕೌದಿ ಬೆತ್ತಲೆಯೆಂದು ಅವರ ಭಾವನೆ. ಅಮೆರಿಕದ ಕಲಾಚರಿತ್ರಕಾರ ಹೆನ್ರಿ ಡ್ರೂವಲ್ ಈ ಶತಮಾನದ ಆರಂಭದಲ್ಲಿ ಅವುಗಳನ್ನು ಅಧ್ಯಯನ ಮಾಡಿದರು. 2011ರಲ್ಲಿ ನ್ಯೂಯಾರ್ಕಿನಲ್ಲಿ ಅವುಗಳ ಪ್ರದರ್ಶನವೂ ನಡೆಯಿತು. ಗೋಡೆಯ ಮೇಲೆ ತೂಗುಹಾಕಿದ ಕೌದಿ ಹೊದೆಯಲಾಗದ ಕೌದಿ ಎಂದು ಆಕ್ಷೇಪಿಸಬಹುದು. ಆದರೂ ಹೊಲಿದವರ ಹೆಸರು ವಸ್ತುವಿನ ಪಕ್ಕದಲ್ಲಿ ಕಾಣಬೇಕೆಂಬ ವಿಚಾರಕ್ಕೆ ದಾರಿಯಾದದ್ದು ಅಂತಹ ಪ್ರದರ್ಶನಗಳೇ ಎಂಬುದನ್ನು ಒಪ್ಪಬೇಕು.

ಧಾರವಾಡ ಸೀಮೆಯ ಕಸೂತಿಯೊಡನೆ ಹೋಲಿಸಿದರೆ ಈ ಮಾತು ಇನ್ನೂ ಸ್ಪಷ್ಟವಾಗುತ್ತದೆ. ಗವಂತಿ, ಮುರ್ಗಿ, ನೇಯ್ಗಿ, ಮೆಂತ್ಯಿ ಎಂಬ ನಾಲ್ಕು ಹೊಲಿಗೆಗಳ ಕಸೂತಿಗೆ ಶಾಸ್ತ್ರವಿದೆ, ಶಿಕ್ಷಣಕೇಂದ್ರಗಳಿವೆ, ಭೌಗೋಳಿಕ ಗುರುತಿನ ಮಾನ್ಯತೆಯಿದೆ. ಅದೂ ಮನೆಯ ಹೆಂಗಸರ ಕೈಯಲ್ಲಿ ಬೆಳೆದ ವಿದ್ಯೆಯೇ. ಆದರೆ ಕಸೂತಿ ಹೊಸ ಸೀರೆಯನ್ನು ಅಲಂಕರಿಸುತ್ತದೆ. ಒಂದೇ ಹೊಲಿಗೆಯ ಕೌದಿ ಹಳೆಯ ಸೀರೆಯನ್ನು ಉಳಿಸುತ್ತದೆ. ಲೋಕ ಅಲಂಕಾರಕ್ಕೆ ಬಹುಬೇಗ ಬೆಲೆ ಕಟ್ಟಿತು. ಬಂಗಾಳದಲ್ಲಿ ಅದೇ ಕಂಥಾ ಶಬ್ದದಿಂದ ಹೆಸರು ಪಡೆದ ಹಳೆಬಟ್ಟೆಯ ಹೊದಿಕೆ ಕಾಲಕ್ರಮದಲ್ಲಿ ಹೊಸ ರೇಷ್ಮೆಯ ಮೇಲಿನ ಚಿತ್ರಕೆಲಸವಾಗಿ ಮಾರುಕಟ್ಟೆಗೆ ಇಳಿದದ್ದು ಇದಕ್ಕೆ ಸಮರ್ಥನೆಯಾಗಿದೆ.

ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಕೌದಿಗೆ ನಿಜವಾದ ಪೆಟ್ಟು ಬಿದ್ದದ್ದು ಬಟ್ಟೆಯಿಂದಲೇ. ನೈಲಾನ್, ಪಾಲಿಯೆಸ್ಟರ್ ಸೀರೆಗಳು ಮನೆಗೆ ಬಂದವು. ಅವು ಬೇಗ ಹರಿಯಲಿಲ್ಲ, ಬೇಗ ಒಣಗಿದವು. ಮಲೆನಾಡಿನ ಹೆಂಗಸರಿಗೆ ಅದು ಸಣ್ಣ ಉಪಕಾರವಲ್ಲ. ಆದರೆ ಅವುಗಳನ್ನು ಪದರವಾಗಿ ಹಾಸಿದರೆ ಒಂದರ ಮೇಲೊಂದು ಜಾರುತ್ತವೆ, ಬೆವರನ್ನು ಹೀರುವುದಿಲ್ಲ, ಮೈಗೆ ಹತ್ತುವುದಿಲ್ಲ. ಅದೇ ಕಾಲಕ್ಕೆ ಸೋಲಾಪುರದ ಚಾದರಗಳೂ ಗಿರಣಿಯ ರಗ್ಗುಗಳೂ ಅಗ್ಗವಾದವು. ಹೊಲಿಗೆಯಂತ್ರವಿದ್ದ ಮನೆಗಳಲ್ಲಿ ಯಂತ್ರದಲ್ಲಿಯೇ ಕೌದಿ ಹೊಲಿಯಲು ತೊಡಗಿದರು. ಅದು ಬಿಗಿಯಾಗಿ, ಮಡಚಿದಲ್ಲಿ ಹಲಗೆಯಂತೆ ನಿಲ್ಲುತ್ತದೆಂದು ಕೈಹೊಲಿಗೆಗೆ ಒಗ್ಗಿದವರ ದೂರು. ಕೈಹೊಲಿಗೆಯ ಸಡಿಲದಲ್ಲಿ ಗಾಳಿ ನಿಂತು ಬೆಚ್ಚಗಾಗುತ್ತದೆ ಎಂಬುದು ಅವರ ಸಮರ್ಥನೆ. ಈ ಸಮರ್ಥನೆಯಲ್ಲಿ ಹುರುಳಿದೆ. ಹೊದಿಕೆಯನ್ನು ಬೆಚ್ಚಗಿಡುವುದು ಬಟ್ಟೆಯೊಂದೇ ಅಲ್ಲ, ಪದರಗಳ ನಡುವೆ ಸಿಕ್ಕಿಕೊಂಡ ಗಾಳಿಯೂ ಹೌದು.

ಹಳೆಯ ಹತ್ತಿಸೀರೆಗಳು ಉಳಿದಿರುವ ಮನೆಗಳಲ್ಲಿ ಕೌದಿ ಇನ್ನೂ ಇದೆ. ಕೊಪ್ಪ, ಶೃಂಗೇರಿಗಳ ಕಡೆ ಮೇ ತಿಂಗಳು ಮುಗಿಯುವ ಮೊದಲು ಅಂತಹ ಮನೆಯ ಅಟ್ಟದಿಂದ ಅದನ್ನು ಇಳಿಸಿ ಅಂಗಳದ ಬಿಸಿಲಿಗೆ ಹಾಕುತ್ತಾರೆ. ಅಡಿಕೆ ಒಣಗಿದ ಅಂಗಳವೇ ಅದಕ್ಕೂ ಜಾಗ. ಒಗೆದ ಕೌದಿಯನ್ನು ಹಿಂಡಲು ಇಬ್ಬರು ಬೇಕು, ಎದುರುಬದುರು ನಿಂತು ತಿರುಚಬೇಕು. ನೀರು ಇಳಿದಾಗ ಅದರ ಭಾರ ಒಬ್ಬರ ತೋಳಿಗೆ ತಡೆಯದು. ಒಣಗುವಾಗ ಬಿಸಿಲಿಗೆದುರಾಗಿ ಎತ್ತಿ ಹಿಡಿದರೆ ಜಾಳಾದ ಕಡೆಯಲ್ಲೆಲ್ಲ ಬೆಳಕು ಕಾಣಿಸುತ್ತದೆ. ಎಲ್ಲೆಲ್ಲಿ ಬೆಳಕು ಕಂಡಿತೋ ಅಲ್ಲಲ್ಲಿಗೆ ತುಂಡು ಹುಡುಕಿ, ಮೊದಲ ಮಳೆ ಹನಿಯುವುದರೊಳಗೆ ತೇಪೆ ಹಾಕಿ ಮುಗಿಸಬೇಕು.